ಅತ್ತೆಯ ಟಿವಿ ತಂದದ್ದು

ಸೆಪ್ಟೆಂಬರ್ 3, ಬುಧವಾರ

ಪೆಟ್ಟಿಗೆ ಎದ್ದು ನಿಂತಿತು! ಬಲಗಡೆಗೆ ಸ್ವಲ್ಪ ವಾಲಿದೆ, ಆದರೂ ನಿಂತಿದೆ. ಜಾಯ್‌ಸ್ಟಿಕ್ ಕೂತಿದೆ, ಗುಂಡಿಗಳು ಕೂತಿವೆ. ಕೆಂಪು ಗುಂಡಿ ಒತ್ತಿದರೆ ಟಕ್ ಅನ್ನುತ್ತದೆ. ಬೆಳಿಗ್ಗೆಯಿಂದ ಸುಮ್ಮಸುಮ್ಮನೆ ಎಷ್ಟು ಸಲ ಒತ್ತಿದೆನೋ. ಈಗ ಪ್ಲೈವುಡ್ಡಿನ ನಡುವೆ ದೊಡ್ಡದೊಂದು ಚೌಕದ ಬಾಯಿ ತೆರೆದುಕೊಂಡಿದೆ. ಅದರೊಳಗೆ ಯಾವ ಮಾನಿಟರ್ ಅನ್ನುವುದೊಂದೇ ಪ್ರಶ್ನೆ.

ಅವ್ವ ಬಂದು ನೋಡಿ, "ಇದೇನ್ಲಾ ಸಿದ್ದೇಶ, ಕೋಳಿ ಗೂಡಾ?" ಅಂದಳು.

"ಆರ್ಕೇಡ್ ಕಣವ್ವ. ಹಳೇ ಕಾಲದ ವಿಡಿಯೋ ಗೇಮ್ ಪೆಟ್ಗೆ. ನಿಂತ್ಕಂಡು ಆಡಾದು."

"ನಿಂತ್ಕಂಡ್ ಮಾಡಾ ಕೆಲ್ಸ ಹೊಲದಾಗೆ ಬೇಕಾದಷ್ಟದೆ, ಬಾ."

ಫೋಟೋ ತೆಗೆದು "ಕಾಸು ಹಾಕಿ" ಅನ್ನುವ, ಆರ್ಕೇಡ್ ಕಟ್ಟುವವರ ಆನ್‌ಲೈನ್ ಗುಂಪಿಗೆ ಹಾಕಿದೆ. ಆ ಗುಂಪಿನ ಒಬ್ಬರ ಮುಖವನ್ನೂ ನಾನು ಕಂಡಿಲ್ಲ, ಆದರೆ ನನಗೆ ಗೊತ್ತಿರುವುದೆಲ್ಲ ಅಲ್ಲೇ ಕಲಿತದ್ದು. ಹಾಕಿದ ತಕ್ಷಣ ಜಗಳ ಶುರುವಾಯಿತು. ಅರ್ಧ ಜನ ಎಲ್‌ಸಿಡಿ ಹಾಕು, ಹಗುರ, ಕರೆಂಟೂ ಉಳಿಯುತ್ತದೆ ಅಂದರು. ಇನ್ನರ್ಧ ಜನ ಹಿಂದೆ ಡುಬ್ಬ ಇರುವ ಗಾಜಿನ ಟ್ಯೂಬಿನ ಟಿವಿಯೇ ಬೇಕು ಅಂದರು. ಮೈಸೂರಿನವರೊಬ್ಬರಿದ್ದಾರೆ, ಪಿಕ್ಸೆಲ್‌ಗೌಡ ಅಂತ ಹೆಸರಿಟ್ಟುಕೊಂಡಿದ್ದಾರೆ, ಅವರು ಬರೆದದ್ದು: "ಗುರು, ಆ ಆಟಗಳ್ನ ಬರ್ದಿರೋದೇ ಟ್ಯೂಬಿಗೆ. ಎಲ್‌ಸಿಡೀಲಿ ಆಡೋದು ಅಂದ್ರೆ ಕೆರೇಗ್ ಹೋಗಿ ದಡದ್ ಮೇಲೆ ಚೊಂಬಲ್ಲಿ ಸ್ನಾನ ಮಾಡ್ದಂಗೆ."

ಅಲ್ಲಿಗೆ ತೀರ್ಮಾನವಾಯಿತು. ಟ್ಯೂಬು. ಗುಂಡಿ ಒತ್ತಿದ ಕ್ಷಣಕ್ಕೇ ಗುಂಡು ಹಾರಬೇಕು, ಎಲ್‌ಸಿಡಿಯಂತೆ ಯೋಚನೆ ಮಾಡಿಕೊಂಡು ಹಾರಬಾರದು. ಅಕ್ಟೋಬರ್ ಮೊದಲ ಭಾನುವಾರ ಗುಂಪಿನವರೆಲ್ಲ ತಮ್ಮ ತಮ್ಮ ಪೆಟ್ಟಿಗೆ ತಂದು ಮೈಸೂರಿನಲ್ಲಿ ಸೇರುತ್ತಾರೆ. ನನ್ನದೂ ಅಲ್ಲಿರಬೇಕು.

ಗೌರಿ ಹಬ್ಬಕ್ಕೆ ಬಂದ ಯಶೋಧತ್ತೆ, ಅಪ್ಪನ ತಂಗಿ, ಇನ್ನೂ ಇಲ್ಲೇ ಇದ್ದಾಳೆ. ಅವಳೂ ಕೆಂಪು ಗುಂಡಿ ಒತ್ತಿ ನೋಡಿದಳು. "ಚೆನ್ನಾಗದೆ" ಅಂದಳು. ಮನೆಯಲ್ಲಿ ಹಾಗಂದವಳು ಅವಳೊಬ್ಬಳೇ.

ಸೆಪ್ಟೆಂಬರ್ 6, ಶನಿವಾರ

ಟ್ಯೂಬಿನ ಟಿವಿ ಎಲ್ಲೂ ಇಲ್ಲ. ಕೆ.ಆರ್. ಪೇಟೆಯ ರಿಪೇರಿ ಅಂಗಡಿಯವನು ಎಲ್ಲ ಗುಜರಿಗೆ ಹೋಯಿತು ಅಂದ. ಹೊಸಹೊಳಲಿನಲ್ಲಿ ಒಂದು ಮನೆಯಲ್ಲಿದೆ ಅಂತ ಓಡಿದರೆ, ಹಿಂಬದಿ ತೂತಿನಲ್ಲಿ ಇಲಿ ಮರಿ ಹಾಕಿತ್ತು. ಶ್ರೀರಂಗಪಟ್ಟಣದಲ್ಲಿ ಮುಚ್ಚಿಹೋದ ಸೈಬರ್ ಸೆಂಟರಿನವನ ಹತ್ತಿರ ಹಳೆಯ ಎಲ್‌ಸಿಡಿಗಳ ರಾಶಿಯೇ ಇದೆ. ಅದು ಯಾರಿಗೆ ಬೇಕು.

ಮನೆಗೆ ಬಂದು ಗೊಣಗಿಕೊಳ್ಳುತ್ತಿದ್ದಾಗ ಥಟ್ಟನೆ ಹೊಳೆಯಿತು. "ಅತ್ತೆ, ನಿನ್ ಮದ್ವೇಲಿ ತಾತ ಒಂದ್ ಟಿವಿ ಕೊಟ್ಟಿರ್ಲಿಲ್ವಾ?"

"ಹೂಂ. ಅಟ್ಟದ್ ಮ್ಯಾಲದೆ. ಗ್ವಾಡೆಗೆ ಹೊಸಾದ್ ಬಂತಲ್ಲ." ಅತ್ತೆ ಸೊಪ್ಪು ಬಿಡಿಸುತ್ತಿದ್ದಳು.

"ಓಡ್ತದಾ?"

"ಓಡ್ದೆ ಏನ್. ಸ್ನೇಹಂಗಿಂತ ಒಂದೊರ್ಸ ದೊಡ್ಡದು. ಅವಳಂಗೇ ಜ್ವಾಪಾನ ಮಾಡಿದ್ದೆ."

ಸ್ನೇಹ ಅತ್ತೆಯ ಮಗಳು, ವಸತಿ ಶಾಲೆಯಲ್ಲಿ ಏಳನೇ ಕ್ಲಾಸು. ಅಂದರೆ ಆ ಟಿವಿ ಟ್ಯೂಬಿನ ಕಟ್ಟಕಡೆಯ ಕಾಲದ್ದು. ಮುಂಗಾಜು ಚಪ್ಪಟೆ, ಮುಂದೆಯೇ ವೈರು ಸಿಕ್ಕಿಸುವ ಮೂರು ಬಣ್ಣದ ತೂತುಗಳು. ಗುಂಪಿಗೆ ಹೇಳಿದೆ. ಹುಚ್ಚೆದ್ದುಹೋದರು. "ಯಾರಾದ್ರೂ ಗುಜರಿಗೆ ಹಾಕೋ ಮುಂಚೆ ಎತ್ತಾಕ್ಕೊಂಡ್ ಬಾ ಗುರು!"

ಸೆಪ್ಟೆಂಬರ್ 8, ಸೋಮವಾರ

ಪಕ್ಷ ಶುರುವಾಗಿದೆ. ಹಿರಿಯರಿಗೆ ಎಡೆ ಇಡುವ ಈ ಹದಿನೈದು ದಿನ ಯಾವ ಒಳ್ಳೆಯ ಕೆಲಸವನ್ನೂ ಮಾಡುವ ಹಾಗಿಲ್ಲವಂತೆ.

ಅವ್ವ, ಅತ್ತೆ ಹಿತ್ತಲಲ್ಲಿ ಮಾತಾಡುತ್ತಿದ್ದರು. ನಾನು ಅಲ್ಲೇ ಗುಂಡಿಗಳಿಗೆ ವೈರು ಬೆಸೆಯುತ್ತಿದ್ದೆ.

"ಸಗಣಿ ಬಾಚೋಳ್ ನಾನು, ಹಾಲ್ ಕರ‍್ಯೋಳ್ ನಾನು, ಡೈರೀಗ್ ಕ್ಯಾನ್ ಒತ್ಕಂಡ್ ಓಗೋಳ್ ನಾನು" ಅಂದಳು ಅತ್ತೆ. "ಹಾಲಿನ್ ಸಂಘದಾಗೆ ಹೆಸ್ರು ಮಾತ್ರ ನಮ್ಮತ್ತೇದು. ನನ್ ಹೆಸ್ರಿಗೆ ಬರ್ಸಿ ಅಂದೆ. ಅಷ್ಟೇ ಕಣತ್ಗೆ ನಾನಂದಿದ್ದು."

"ಅದ್ಕೆ ನಿನ್ ಗಂಡ ಏನಂದ?"

"ಏನಂದ. ಊಟಕ್ಕಿಕ್ಕು ಅಂದ."

ಅವ್ವ ನಕ್ಕುಬಿಟ್ಟಳು. ಅತ್ತೆ ನಗಲಿಲ್ಲ. ಪಕ್ಷ ಕಳೆದ ಮೇಲೆ ಊರ ಯಜಮಾನ ಮರಿಸ್ವಾಮಣ್ಣನನ್ನು ಕೂರಿಸಿಕೊಂಡು, ಅತ್ತೆಯ ಗಂಡ ಕೃಷ್ಣಮಾವನನ್ನು ಕರೆಸಿ ಮಾತಾಡಿ, ಅತ್ತೆಯನ್ನು ಕಳಿಸಿಕೊಡುವುದು ಅಪ್ಪನ ಲೆಕ್ಕಾಚಾರ.

ಜಾಯ್‌ಸ್ಟಿಕ್ಕಿನ ಎಡ-ಬಲ ಅದಲುಬದಲಾಗಿದೆ. ನಾಳೆ ಸರಿ ಮಾಡಬೇಕು.

ಸೆಪ್ಟೆಂಬರ್ 11, ಗುರುವಾರ

ಗುಂಪಿನಲ್ಲಿ ದಿನಾ ಕೇಳುತ್ತಾರೆ, ಬಂತಾ ಟಿವಿ, ಬಂತಾ ಟಿವಿ. ನನ್ನ ಮರ್ಯಾದೆ ಹೋಗುವುದರಲ್ಲಿದೆ.

ಸೆಪ್ಟೆಂಬರ್ 14, ಭಾನುವಾರ

ಸಿಕ್ಕಿತು! ಗೆಳೆಯ ದಿಲೀಪ ಬಂಕಿನಲ್ಲಿ ತನ್ನ ಲಗೇಜ್ ಆಟೋಗೆ ಡೀಸೆಲ್ ಹಾಕಿಸುತ್ತಿದ್ದಾನೆ, ಅಷ್ಟರಲ್ಲಿ ಬರೆದುಬಿಡುತ್ತೇನೆ.

ಬೆಳಿಗ್ಗೆ ಅಪ್ಪನಿಗೆ, "ನಾಗಮಂಗ್ಲದ್ ಕಡೆಯಿಂದ ಒಂದ್ ಹಳೇ ಟಿವಿ ತತ್ತೀನಿ" ಅಂದೆ. ಅತ್ತೆಯ ಗಂಡನ ಊರು ಆ ಕಡೆಯೇ. ಅಪ್ಪ ಕಬ್ಬಿಗೆ ನೀರು ಕಟ್ಟುವ ಅವಸರದಲ್ಲಿ ಹೂಂ ಅಂದ. ದಾರಿಯಿಂದ ಕೃಷ್ಣಮಾವನಿಗೆ ಫೋನ್ ಮಾಡಿದೆ.

"ಮಾವ, ಅತ್ತೆ ಟಿವಿ ತಗಂಡೋಗಾಕ್ ಬತ್ತಾವ್ನಿ."

ಲೈನು ಕಟ್ಟಾಯಿತು ಅಂದುಕೊಂಡೆ. ಆಮೇಲೆ, "ನಿಮ್ಮಪ್ಪಂಗ್ ಗೊತ್ತಾ?" ಅಂದರು.

"ಯೋಳೇ ಬಂದಿರಾದು ಮಾವ."

"ಬಾ ಅಂಗಾರೆ."

ಎಷ್ಟು ಒಳ್ಳೆಯವರು! ನಾವು ಹೋಗುವಷ್ಟರಲ್ಲಿ ಅವರೇ ಏಣಿ ಹಾಕಿ ಅಟ್ಟದಿಂದ ಇಳಿಸಿದ್ದರು. ಪಂಚೆಯ ಮೇಲೆಲ್ಲ ಹಾಲು ಚೆಲ್ಲಿಕೊಂಡಿದ್ದರು. ಅತ್ತೆ ಇಲ್ಲದೆ ಹಸು ಒದೆಯುತ್ತಂತೆ. "ಓಡ್ತದಾ ನೋಡ್ಕ" ಅಂತ ತಾವೇ ಪ್ಲಗ್ ಹಾಕಿದರು. ಟುಯ್ ಅಂತ ಸದ್ದು ಬಂದು ಪರದೆ ನೀಲಿಯಾಯಿತು. ಏನು ಬಣ್ಣ ಅದು! ಒಂದು ಮೂಲೆಯಲ್ಲೂ ಕಲೆಯಿಲ್ಲ. ಮಾವ ಆ ನೀಲಿಯನ್ನೇ ನೋಡುತ್ತಾ ಕೂತಿದ್ದರು. ಅವರಿಗೂ ಟ್ಯೂಬು ಇಷ್ಟ ಅನ್ನಿಸುತ್ತೆ.

ಮಾವನ ತಾಯಿ ಚಿಕ್ಕಬೋರಮ್ಮ ಬಾಗಿಲಲ್ಲಿ ನಿಂತಿದ್ದರು. "ಯಶೋದನೂ ಯೋಳವ್ಳಾ ಇದ ತತ್ತಾ ಅಂತ?"

ಅತ್ತೆಗೆ ಬೇಡ ಅನ್ನುವಂಥದ್ದೇನಿದೆ ಅಂದುಕೊಂಡು, "ಹೂಂ ಅಜ್ಜಿ" ಅಂದೆ. "ಸ್ಟ್ಯಾಂಡು, ರಿಮೋಟೂ ಇದ್ರೆ ಕೊಟ್ಬುಡಿ."

ಅಜ್ಜಿ ಆಚೆ ಮನೆಯವರು, ಈಚೆ ಮನೆಯವರನ್ನು ಕೂಗಿ ಕರೆದರು. "ಬನ್ರವ್ವ, ಬನ್ರಪ್ಪ. ಏನೇನ್ ತಗಂಡೋಯ್ತಾವ್ನೆ, ಕಣ್ಣಾರೆ ನೋಡ್ಕಳಿ." ಪಾಪ, ಹಳ್ಳಿಯವರಿಗೆ ಇಂಥ ಟಿವಿ ಈಗ ನೋಡಲೂ ಸಿಗುವುದಿಲ್ಲ, ಎಲ್ಲ ಬಂದು ಸುತ್ತ ನಿಂತರು. ಕಾಪಿ ಕೊಡುವುದನ್ನು ಮಾತ್ರ ಮರೆತರು. ಮಾವನೇ ಟಿವಿ ಎತ್ತಿ ಆಟೋಗೆ ಇಟ್ಟು, ಒಳಗೆ ಹೋಗಿ ಅತ್ತೆ ಕಸೂತಿ ಹಾಕಿದ್ದ ಹೊದಿಕೆಯನ್ನೂ ಮಡಿಸಿ ತಂದು ಕೊಟ್ಟರು.

ದಿಲೀಪ ಹಾರ್ನ್ ಹೊಡೆಯುತ್ತಿದ್ದಾನೆ.

ಅದೇ ದಿನ, ಸಂಜೆ

ಬರೆಯಲಾಗುತ್ತಿಲ್ಲ.

ಸೆಪ್ಟೆಂಬರ್ 15, ಸೋಮವಾರ

ನಿನ್ನೆ ಆಟೋ ಬಂದು ನಿಂತಾಗ ಅಪ್ಪ ಕೈಕಾಲು ತೊಳೆಯುತ್ತಿದ್ದ. ಹೊದಿಕೆ ಕಂಡೇ ಗುರುತು ಹಿಡಿದ. ಚೊಂಬು ಹಾಗೇ ಕೈಯಲ್ಲಿ ಉಳಿಯಿತು.

"ಇದ್ಯಾವ್ ಟಿವೀಲಾ?"

"ಅತ್ತೇದು. ನಿಂಗ್ ಯೋಳಿದ್ನಲ್ಲಪ್ಪ."

ಹೊಡೆಯುತ್ತಾನೆ ಅಂದುಕೊಂಡೆ. ಹೊಡೆಯಲಿಲ್ಲ, ಜಗಲಿಯ ಮೇಲೆ ಕುಸಿದು ಕೂತ. "ಹೆಣ್ ಕೊಟ್ಟೋರು, ಕೊಟ್ಟ ಸಾಮಾನ ಯಾವಾಗ ತಿರ್ಗಿ ತತ್ತಾರೆ ಗೊತ್ತೇನ್ಲಾ ನಿಂಗೆ? ಸಂಬಂದ ಅರ್ದೋದಾಗ. ನಮಗೂ ನಿಮಗೂ ಮುಗೀತು ಅಂತ ಯೋಳಾಕೆ. ಅದೂ ಪಕ್ಷದಾಗೆ ಓಗಿ ತಂದಿದ್ದೀಯಲ್ಲೋ. ಅಲ್ಲಿ ಯಾರಾದ್ರೂ ನೋಡುದ್ರಾ?"

ಆಗ ನನಗೆ ಅಕ್ಕಪಕ್ಕದವರು ಯಾಕೆ ಬಂದರು ಅಂತ ತಿಳಿಯಿತು. ಅವರು ಟಿವಿ ನೋಡಲು ಬಂದದ್ದಲ್ಲ. ಸಾಕ್ಷಿಗೆ ಬಂದದ್ದು. ಮದುವೆ ಮುರಿಯುವುದು ಅಂದರೆ ವಕೀಲರು, ಕೋರ್ಟು ಅಂತ ನಾನು ತಿಳಿದಿದ್ದೆ. ಒಂದು ಲಗೇಜ್ ಆಟೋ ಸಾಕು ಅಂತ ಯಾವ ಗುಂಪಿನಲ್ಲೂ ಯಾರೂ ನನಗೆ ಹೇಳಿರಲಿಲ್ಲ.

ಅತ್ತೆ ಬೈಯಲಿಲ್ಲ. ಹೊದಿಕೆ ತೆಗೆದು ಟಿವಿಯ ಮೇಲಿನ ದೂಳು ಒರೆಸಿದಳು. "ಅವ್ರೇನಂದ್ರು?" ಅಂದಳು.

"ಏನೂ ಅನ್ಲಿಲ್ಲ ಅತ್ತೆ. ಮಾವ್ನೇ ಎತ್ತಿ ಆಟೋಗಿಟ್ರು."

"ಅವ್ರೇ ಎತ್ಕೊಟ್ರಾ?"

ಹೂಂ ಅಂದೆ. ಅಂದಮೇಲೆ, ಅನ್ನಬಾರದಿತ್ತು ಅನ್ನಿಸಿತು.

ಸೆಪ್ಟೆಂಬರ್ 17, ಬುಧವಾರ

ಟಿವಿ ವಾಪಸ್ ಕೊಡಲು ಹೋಗಿದ್ದೆ. ದಿಲೀಪ ದಾರಿಯುದ್ದಕ್ಕೂ, "ಲೇ, ಮೊನ್ನೆ ಮದ್ವೆ ಮುರ್ಯಾಕೆ ನನ್ನಾಟೋನೇ, ಇವತ್ತು ಕೂಡ್ಸಾಕೂ ನನ್ನಾಟೋನೇ. ಬೋರ್ಡಾಕ್ಸ್ಬೇಕು ಕಣ್ಲಾ" ಅಂತ ನಗಿಸಲು ನೋಡಿದ.

ಇಳಿಸಲು ಬಿಡಲಿಲ್ಲ. ಚಿಕ್ಕಬೋರಮ್ಮ ಹೊಸ್ತಿಲಿಗೆ ಅಡ್ಡ ನಿಂತರು. ನಾನು ಕಾಲಿಗೆ ಬಿದ್ದು, ನನಗೆ ಗೊತ್ತಿರಲಿಲ್ಲ, ಆಟದ ಪೆಟ್ಟಿಗೆಗೆ ಬೇಕಾಗಿತ್ತು, ಅತ್ತೆಗೆ ಗೊತ್ತೇ ಇರಲಿಲ್ಲ ಅಂತೆಲ್ಲ ಹೇಳಿದೆ.

"ಆಟವೋ ಊಟವೋ. ನಾಕ್ ಜನ ನೋಡಾದ್ ನೋಡಾಯ್ತು" ಅಂದರು. "ಇದು ಇಲ್ಲಿ ಇಳೀಬೇಕಾದ್ರೆ ಮೊದ್ಲು ಅವ್ಳು ಇಳೀಲಿ. ಇಳುದ್ ಮ್ಯಾಕೆ ಡೈರಿ, ಹೆಸ್ರು ಅಂತ ಬಾಯಿ ಬಿಡಂಗಿಲ್ಲ. ಅದ ಯೋಳೋಗು ನಿಮ್ಮಪ್ಪಂಗೆ."

ಮಾವ ಕೊಟ್ಟಿಗೆಯಲ್ಲಿದ್ದರು. ಸದ್ದು ಕೇಳಿಸಿರಬೇಕು. ಹೊರಗೆ ಬರಲಿಲ್ಲ.

ಬರುವಾಗ ಟಿವಿ ಅಲ್ಲಾಡದ ಹಾಗೆ ಹಿಂದೆ ಕೂತು ಅಪ್ಪಿಹಿಡಿದುಕೊಂಡಿದ್ದೆ. ಗಾಜಿನದು, ಕುತ್ತಿಗೆ ಸೂಕ್ಷ್ಮ.

ಸೆಪ್ಟೆಂಬರ್ 18, ಗುರುವಾರ

ಸ್ನೇಹ ಹಾಸ್ಟೆಲಿನಿಂದ ಫೋನ್ ಮಾಡಿದ್ದಳು. "ನಾಡಿದ್ದಿಂದ ದಸ್ರಾ ರಜ ಅವ್ವ. ಯಾವೂರಿಗ್ ಬರ‍್ಲಿ?"

ಅತ್ತೆ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದಳು, ಆಮೇಲೆ ಹತ್ತಿರ ತಂದು, "ಚಿಕ್ಕಸಿದ್ದಯ್ಯ ಮಾವ ಬತ್ತರೆ ಕರ್ಕಬರಾಕೆ, ಅವರ್ ಜೊತೆ ಬಾ" ಅಂದಳು. ನಮ್ಮಪ್ಪನ ಹೆಸರು ಹೇಳಿದಳು, ಊರಿನ ಹೆಸರು ಹೇಳಲಿಲ್ಲ.

ಸೆಪ್ಟೆಂಬರ್ 21, ಭಾನುವಾರ

ಮಹಾಲಯ ಅಮಾವಾಸ್ಯೆ. ತಾತನಿಗೆ ಎಡೆ ಇಟ್ಟರು. ಅಪ್ಪ ಕೈಮುಗಿದು ಬಹಳ ಹೊತ್ತು ಏಳಲೇ ಇಲ್ಲ.

ಸೆಪ್ಟೆಂಬರ್ 24, ಬುಧವಾರ

ನ್ಯಾಯಕ್ಕೆ ಕೂತರು, ನಮ್ಮ ಮನೆಯ ಪಡಸಾಲೆಯಲ್ಲೇ. ಮರಿಸ್ವಾಮಣ್ಣ ಚಾಪೆಯ ನಡುವೆ. ಒಂದು ಕಡೆ ಅಪ್ಪ, ಇನ್ನೊಂದು ಕಡೆ ಕೃಷ್ಣಮಾವ, ಅವರ ತಾಯಿ. ಟಿವಿ ಗೋಡೆಯ ಪಕ್ಕ, ಹೊದಿಕೆ ಹೊದ್ದುಕೊಂಡು, ಅದೂ ನ್ಯಾಯಕ್ಕೆ ಬಂದ ಹಾಗೆ ಕೂತಿತ್ತು.

ಏನು ಮಾಡಬೇಕು ಅಂತ ಅಪ್ಪ ನನಗೆ ಮೊದಲೇ ಹೇಳಿಕೊಟ್ಟಿದ್ದ. ಎಲ್ಲರೆದುರು ಕೈಮುಗಿದು, ಇದು ನನ್ನೊಬ್ಬನ ತಪ್ಪು, ಆಟದ ಹುಚ್ಚಿಗೆ ಮಾಡಿದೆ ಅನ್ನಬೇಕು. ಹುಡುಗುಬುದ್ಧಿ ಅಂತ ಮರಿಸ್ವಾಮಣ್ಣ ನಾಲ್ಕು ಬೈಯುತ್ತಾರೆ. ಅಲ್ಲಿಗೆ ಮುಗಿಯಿತು. ಅತ್ತೆ, ಸ್ನೇಹ, ಟಿವಿ ಒಂದೇ ಆಟೋದಲ್ಲಿ ಹೊರಡುತ್ತಾರೆ. ನಾನೂ ನೂರು ಸಲ ಕೈಮುಗಿಯಲು ತಯಾರಿದ್ದೆ.

"ಯೋಳ್ಲಾ" ಅಂದರು ಮರಿಸ್ವಾಮಣ್ಣ.

ಎದ್ದು ನಿಂತು, "ನನ್ದೇ ತಪ್ಪು..." ಅಂದೆನಷ್ಟೆ.

"ಅವ್ನ್ಯಾಕೆ ಕೈ ಮುಗೀತಾನೆ?" ಅಡುಗೆಮನೆ ಬಾಗಿಲಿಂದ ಅತ್ತೆಯ ದನಿ. "ನಾನೇ ತತ್ತಾ ಅಂದಿದ್ದು."

ಅಪ್ಪ ನನ್ನ ಮುಖ ನೋಡಿದ, ನಾನು ನೆಲ ನೋಡಿದೆ. ಕೃಷ್ಣಮಾವ ಬಂದಾಗಿನಿಂದ ಮೊದಲ ಸಲ ತಲೆ ಎತ್ತಿದರು.

"ಏನವ್ವ ಇಂಗಂತೀಯ, ಹುಡ್ಗ ಬೇರೆ ತರ ಯೋಳ್ತಾವ್ನಲ್ಲ?" ಅಂದರು ಮರಿಸ್ವಾಮಣ್ಣ.

"ಅವ್ನ್ ನನ್ ಉಳ್ಸಾಕ್ ಯೋಳ್ತಾವ್ನೆ." ಅತ್ತೆ ಈಚೆಗೆ ಬಂದು ಕಂಬಕ್ಕೆ ಒರಗಿ ನಿಂತಳು. ಮಾವನನ್ನೇ ನೋಡಿ ಕೇಳಿದಳು: "ನೀವ್ ಯಾಕ್ ಎತ್ಕೊಟ್ರಿ? ಅದ ಯೋಳಿ ಮೊದ್ಲು."

ಮಾವ ಗಂಟಲು ಸರಿಮಾಡಿಕೊಂಡರು. "ನೀನ್ ಕೇಳ್ ಕಳ್ಸಿದ್ದೀಯ ಅನ್ಕಂಡೆ. ಅದ್ಕೆ ಕೊಟ್ಟೆ."

"ನಾನ್ ಕೇಳ್ದೆ ಅಂದ್ರೆ ಟಿವಿ ಎತ್ಕೊಡಾಕಾಯ್ತದೆ. ಹೆಸ್ರು ಬರ್ಸಾಕಾಗಲ್ವಾ?"

ಮಾವ ತಾಯಿಯ ಕಡೆ ತಿರುಗಿದರು. ಚಿಕ್ಕಬೋರಮ್ಮ ಎಲೆಯಡಿಕೆ ಚೀಲದ ದಾರ ಎಳೆಯುತ್ತಾ, "ಒಂದ್ ಮನೇಗ್ ಎರಡ್ ಹೆಸ್ರಾ? ನಾನ್ ಸತ್ ಮ್ಯಾಕೆ ಬರ್ಸ್ಕಳ್ಳಿ" ಅಂದರು.

"ನೀವ್ ನೂರೊರ್ಸ ಬದುಕಿ ಅತ್ತೆ" ಅಂದಳು ಯಶೋಧತ್ತೆ, ಬೈಗುಳವೋ ಹಾರೈಕೆಯೋ ತಿಳಿಯದ ಹಾಗೆ. "ನಾನ್ ಕಾಯಕ್ಕಾಗಲ್ಲ."

ಮುಂದೆ ಮಾತು ಎಲ್ಲೆಲ್ಲೋ ಹೋಯಿತು. ಕೊನೆಗೆ ಮರಿಸ್ವಾಮಣ್ಣ, ದೀಪಾವಳಿ ಕಳೆಯಲಿ, ಎರಡೂ ಕಡೆಯವರು ಯೋಚನೆ ಮಾಡಲಿ, ಅಲ್ಲಿಯವರೆಗೆ ಸಾಮಾನು ಇದ್ದ ಹಾಗೇ ಇರಲಿ ಅಂದರು. ಮಾವ ಹೋಗುವಾಗ ಸ್ನೇಹಳ ತಲೆ ಸವರಿದರು. ಅತ್ತೆಯ ಮುಂದೆ ಒಂದು ಗಳಿಗೆ ನಿಂತರು. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಅತ್ತೆಗೆ ಆಮೇಲೆ ಕೇಳಿದೆ, ಯಾಕೆ ಸುಳ್ಳು ಹೇಳಿದೆ ಅಂತ. "ನೀನ್ ಮಾಡಿದ್ದು ಅಂತಾದ್ರೆ ಅದು ಬರೀ ತಪ್ಪು ಕಣೋ ಸಿದ್ದ. ನಾನ್ ಮಾಡಿದ್ದು ಅಂತಾದ್ರೆ ಅದೊಂದ್ ಮಾತಾಯ್ತದೆ" ಅಂದಳು. ಆ ಮಾತು ಪೂರ್ತಿ ಅರ್ಥವಾಗಿಲ್ಲ.

ಸೆಪ್ಟೆಂಬರ್ 27, ಶನಿವಾರ

ಶ್ರೀರಂಗಪಟ್ಟಣಕ್ಕೆ ಹೋಗಿ ಸೈಬರ್ ಸೆಂಟರಿನವನ ಹತ್ತಿರ ಒಂದು ಎಲ್‌ಸಿಡಿ ತಂದೆ. ಹಳೆಯದು, ಅಂಚಿನಲ್ಲಿ ಸ್ವಲ್ಪ ಮಂಕು, ಆದರೆ ಹಗುರ. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ಬಂದೆ. ಮೈಸೂರಿಗೆ ಸಾಗಿಸುವುದು ಸುಲಭ, ಅದಕ್ಕೇ ತಂದೆ. ಬೇರೇನಿಲ್ಲ.

ಗುಂಪಿನಲ್ಲಿ ಹಾಕಿದ್ದಕ್ಕೆ ಪಿಕ್ಸೆಲ್‌ಗೌಡರು ಒಂದು ಚೊಂಬಿನ ಚಿತ್ರ ಕಳಿಸಿದ್ದಾರೆ. ಎಲ್ಲರೂ ನಗುತ್ತಿದ್ದಾರೆ. ಉತ್ತರ ಕೊಡಲು ಹೋಗಲಿಲ್ಲ. ಸ್ನೇಹಳಿಗೆ ಆಟ ಹಾಕಿಕೊಟ್ಟೆ, ಗುಂಡಿ ಒತ್ತಿದ ಮೇಲೆ ಗುಂಡು ಸ್ವಲ್ಪ ತಡವಾಗಿಯೇ ಹಾರುತ್ತದೆ. ಅವಳಿಗೆ ಗೊತ್ತಾಗಲಿಲ್ಲ.

ಸೆಪ್ಟೆಂಬರ್ 30, ಮಂಗಳವಾರ

ಅತ್ತೆ ನಮ್ಮೂರಿನ ಹೆಂಗಸರ ಹಾಲಿನ ಸಂಘಕ್ಕೆ ಹೋಗಿ ಬಂದಳು. ನಮ್ಮ ಒಂದು ಹಸು ಅವಳಿಗೆ ಬಿಟ್ಟುಕೊಡಲು ಅಪ್ಪ ಒಪ್ಪಿದ್ದಾನೆ. ಸಂಘದವರು, "ನೀನ್ ಇವತ್ತಿರ‍್ತೀಯ, ನಾಳೆ ಗಂಡನ್ ಮನೇಗೋಯ್ತೀಯ. ಇಲ್ಲೇ ಇರಾದು ಖಾತ್ರಿಯಾದ್ರೆ ಬಾರವ್ವ, ಹೆಸ್ರು ಬರ‍್ಕತೀವಿ" ಅಂದರಂತೆ.

ಮಾವನ ಫೋನ್ ಬಂದಿತ್ತು. ಅತ್ತೆ ಅಂಗಳದಲ್ಲಿ ನಿಂತು ಮಾತಾಡಿದಳು. ಒಳಗೆ ಬಂದವಳನ್ನು ಅವ್ವ, "ಏನಂತೆ?" ಅಂತ ಕೇಳಿದಳು.

"ಹಸ ಒದೀತದಂತೆ."

ಅಷ್ಟೇ ಹೇಳಿ ಒಲೆಯ ಮುಂದೆ ಕೂತಳು.

ಅಕ್ಟೋಬರ್ 3, ಶುಕ್ರವಾರ

ಮಧ್ಯಾಹ್ನ ಪೆಟ್ಟಿಗೆಗೆ ಕೊನೆಯ ಕೈ ಹಚ್ಚುತ್ತಿದ್ದೆ. ನಾಡಿದ್ದು ಮೈಸೂರು. ಅತ್ತೆ ಬಂದು ಪರದೆಯನ್ನು ಬೆರಳಿನಿಂದ ತಟ್ಟಿದಳು.

"ನಿಂಗ್ ಬೇಕಾಗಿದ್ದು ಇದಲ್ವಲ್ಲ?"

"ಇದೂ ಆಯ್ತದೆ ಅತ್ತೆ. ಹಗುರ."

"ಅದ ಆಕು."

ನಾನು ಗೋಡೆಯ ಪಕ್ಕದ ಟಿವಿ ನೋಡಿದೆ. ತಿಂಗಳಿಂದ ನಾನು ಬಯಸಿದ್ದು ಇದೇ ಮಾತು. ಆದರೆ ಕೈ ಏಳಲಿಲ್ಲ.

"ಅದ ಅಂಗೇ ಇಡಾಕಾಗಲ್ಲ ಅತ್ತೆ. ಡಬ್ಬ ಒಡ್ದು, ಟ್ಯೂಬು, ಬೋರ್ಡು ಬ್ಯಾರೆ ಮಾಡಿ, ಪೆಟ್ಗೆಗೆ ತಿರುಪ್ ಆಕಿ ಕೂರ್ಸ್ಬೇಕು. ಆಮ್ಯಾಕೆ ಅದು ಟಿವಿಯಾಗಲ್ಲ. ಕಳಿಸ್ಬೇಕು ಅಂದ್ರೂ ಕಳ್ಸಾಕಾಗಲ್ಲ."

"ಅದ್ಕೇ ಬಿಚ್ಚು ಅಂತಿರಾದು."

"ದೀಪಾವಳಿವರ್ಗೂ ಇದ್ದಂಗೇ ಇರ‍್ಲಿ ಅಂದವ್ರೆ. ಎಲ್‌ಸಿಡೀನೇ ಚೆನ್ನಾಗದೆ ಅತ್ತೆ, ನಿಜ್ವಾಗ್ಲೂ. ಗುಂಪಲ್ಲಿ ಅರ್ಧ ಜನ ಅದ್ನೇ ಆಕಿರಾದು."

ಅತ್ತೆ ಕಂಬಳಿ ತಂದು ನೆಲಕ್ಕೆ ಹಾಸಿದಳು. ಟಿವಿಯ ಹೊದಿಕೆ ತೆಗೆದು ಪಕ್ಕಕ್ಕಿಟ್ಟು, ಒಬ್ಬಳೇ ಅದನ್ನು ತಬ್ಬಿ ಎತ್ತಿ, ಗಾಜು ಕೆಳಗೆ ಬರುವ ಹಾಗೆ ಮಗುಚಿ ಮಲಗಿಸಿದಳು. ಮೊನ್ನೆ ಆಯುಧಪೂಜೆಗೆ ಇಟ್ಟಿದ್ದ ಸ್ಕ್ರೂಡ್ರೈವರ್ ತಂದು ಕೊಟ್ಟಳು. ಹಿಡಿಗೆ ಇನ್ನೂ ಕುಂಕುಮ ಮೆತ್ತಿತ್ತು.

ಅಪ್ಪ ಜಗಲಿಯಿಂದ ನೋಡುತ್ತಿದ್ದ. ಬೇಡ ಅನ್ನಲಿ ಅಂತ ಅವನ ಕಡೆ ತಿರುಗಿದೆ. ಅಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಹಸುವಿಗೆ ನೀರು ತೋರಿಸಲು ಎದ್ದು ಹೋದ.

ತಿರುಪುಗಳು ತುಕ್ಕು ಹಿಡಿದಿದ್ದವು. ಮೊದಲನೆಯದು ಅಲ್ಲಾಡಲೇ ಇಲ್ಲ. ಅತ್ತೆ ಎರಡು ಕೈಯಲ್ಲೂ ಡಬ್ಬವನ್ನು ಒತ್ತಿ ಹಿಡಿದಳು, ನಾನು ಮೈಭಾರ ಬಿಟ್ಟು ತಿರುಗಿಸಿದೆ. ಕಿರ್ ಅಂತ ಸದ್ದು ಮಾಡಿ ಸಡಿಲವಾಯಿತು.

"ಅತ್ತೆ, ಒಳ್ಗೆ ಕೈ ಆಕ್ಬ್ಯಾಡ. ಪ್ಲಗ್ ಕಿತ್ತು ಎಷ್ಟ್ ದಿನ ಆಗಿದ್ರೂ ಟ್ಯೂಬಲ್ಲಿ ಕರೆಂಟ್ ನಿಂತಿರ‍್ತದೆ."

"ಗೊತ್ತು, ನೀನ್ ಬಿಚ್ಚು" ಅಂದಳು, ಸೆರಗು ಒಡ್ಡಿದಳು. ತೆಗೆದ ತಿರುಪುಗಳನ್ನೆಲ್ಲ ಒಂದೊಂದಾಗಿ ಅದರೊಳಗೆ ಹಾಕುತ್ತಾ ಹೋದೆ.